ಸೂಜಿ ಮಾಡಿಸಿಕೊಂಡವರು

ಕಳೆದ ಶ್ರಾವಣದಲ್ಲಿ ಬನಹಟ್ಟಿಗೆ ಹೋಗಿದ್ದಾಗ ನಮ್ಮ ಹಳೆಯ ಓಣಿಯ ಅಕ್ಕನೊಬ್ಬರು ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದಿಟ್ಟರು. ಒಳಗೆ ನಾಲ್ಕು ಹಾಳೆ. ಮಡಿಕೆ ಇದ್ದಲ್ಲೆಲ್ಲ ಹರಿದಿದ್ದವು. ‘ನೀ ಇತಿಹಾಸ ಕಲಿಸಾಂವ. ಹಳೇ ಕಾಗದ ಓದಾಕ ಬರತೈತಿ. ಇದರಾಗ ಏನ್ ಬರದಾರ ನೋಡಿ ಹೇಳಪಾ’ ಅಂದರು. ನಾನು ಓದುವ ಹಳೆಯ ಕಾಗದಗಳು ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ಆಳುತ್ತಿದ್ದ ಸಂಸ್ಥಾನಗಳ ಕಾಲದವು. ಇದು 1994ರದು. ಮಿರಜಿನ ಆಸ್ಪತ್ರೆಯೊಂದರ ಬಿಡುಗಡೆ ಚೀಟಿ. ಅವರ ಅಣ್ಣನದು.

ಅಣ್ಣ ನನಗಿಂತ ಹದಿನೈದು ವರ್ಷ ದೊಡ್ಡವನು. ಕೈಮಗ್ಗದ ಮನೆಯ ಹಿರಿಯ ಮಗ. ಎಂಬತ್ತರ ದಶಕದ ಆರಂಭದಲ್ಲಿ ಕುಡಚಿಯಲ್ಲಿ ರೈಲು ಹತ್ತಿ, ಮಿರಜಿನಲ್ಲಿ ಗಾಡಿ ಬದಲಿಸಿ ಮುಂಬೈಗೆ ಹೋಗಿದ್ದ. ಹನ್ನೆರಡು ವರ್ಷದ ನಂತರ ಹಿಂದಿರುಗಿದಾಗ ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ. ದಿನಾ ಸಂಜೆ ಹಲ್ಲು ಕಟಕಟಿಸುವಷ್ಟು ಚಳಿಜ್ವರ. ಎರಡು ತಿಂಗಳಲ್ಲಿ ತೀರಿಕೊಂಡ. ಅವನಿಗೆ ‘ಆ ರೋಗ’ ಇತ್ತು ಎಂದು ಇಡೀ ಓಣಿ ನಂಬಿತು. ನಂಬಲು ಆಧಾರವೂ ಇತ್ತು. ಹತ್ತನೆಯ ಈಯತ್ತೆ ಓದುತ್ತಿದ್ದ ಹುಡುಗನೊಬ್ಬ ಈ ಚೀಟಿಯನ್ನು ನೋಡಿ ಅದರಲ್ಲಿ ಎಚ್, ಐ, ವಿ ಎಂಬ ಮೂರು ಅಕ್ಷರಗಳಿವೆ ಎಂದು ಕಟ್ಟೆಯ ಮೇಲೆ ಹೇಳಿದ್ದ. ಆ ಹುಡುಗ ನಾನೇ. ಅಕ್ಕನಿಗೆ ಬಂದಿದ್ದ ಎರಡು ಸಂಬಂಧಗಳು ಆಮೇಲೆ ತಪ್ಪಿದವು. ಅವರು ಮದುವೆಯಾಗಲಿಲ್ಲ. ‘ಆವಾಗ ನೀನ ಓದಿದ್ದಿ, ಈಗೂ ನೀನ ಓದು’ ಎಂದು ಅವರು ಹೇಳಿದಾಗ ಅದರಲ್ಲಿ ಚುಚ್ಚುಮಾತಿನ ಧಾಟಿ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಚೀಟಿಯಲ್ಲಿ ಇದ್ದ ಕಾಯಿಲೆಯ ಹೆಸರು ಬೇರೆಯೇ. ಅದನ್ನು ಹೇಳುವ ಮೊದಲು ಸೂಜಿಯ ಬಗ್ಗೆ, ಅಂದರೆ ನಮ್ಮ ನಾಲ್ಕು ಊರುಗಳಲ್ಲಿ ಸೂಜಿಗೆ ಇದ್ದ ಮರ್ಯಾದೆಯ ಬಗ್ಗೆ ಹೇಳಬೇಕು. ಬೆಂಗಳೂರಿನ ಕಡೆ ಇಂಜೆಕ್ಷನ್ ಚುಚ್ಚುತ್ತಾರೆ, ಹಾಕುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಸೂಜಿ ‘ಮಾಡುತ್ತಾರೆ’. ಮರಾಠಿಯ ನೆರಳಿರಬಹುದು. ಆದರೆ ಪೂಜೆ ಮಾಡಿಸಿದ ಹಾಗೆ, ಅಭಿಷೇಕ ಮಾಡಿಸಿದ ಹಾಗೆ ಸೂಜಿ ಮಾಡಿಸಿಕೊಂಡು ಬರುವುದರಲ್ಲಿ ಒಂದು ಸಮಾಧಾನವಿತ್ತು. ಗುಳಿಗೆ ಕೊಟ್ಟು ಕಳಿಸಿದ ಡಾಕ್ಟರು ಡಾಕ್ಟರೇ ಅಲ್ಲ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ಸೊಂಟ ಹಿಡಿದವರಿಗೆ, ಮುಧೋಳದ ಕಡೆ ಕಬ್ಬು ಕಡಿದು ತೋಳು ಬಿದ್ದವರಿಗೆ ಒಂದು ನೋವಿನ ಸೂಜಿ, ಒಂದು ಶಕ್ತಿಯ ಕೆಂಪು ಸೂಜಿ. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದರೆ ಸಲಾಯಿನ್ ಹಚ್ಚುವುದು. ಕೆಂಪು ಸೂಜಿ ಎಂದರೆ ಬಿ-12 ಜೀವಸತ್ವ. ಆ ಬಣ್ಣವೇ ರಕ್ತ ಕೊಟ್ಟಂತೆ ಕಾಣುತ್ತಿತ್ತು.

ನನ್ನ ಬಾಲ್ಯದಲ್ಲಿ ಸೂಜಿ ಮಾಡುವವರ ಹತ್ತಿರ ಒಂದು ಸ್ಟೀಲ್ ಡಬ್ಬಿ, ಒಂದು ಸ್ಟೋವು, ಎರಡು ಗಾಜಿನ ಸಿರಿಂಜು, ಮೂರೋ ನಾಲ್ಕೋ ಸೂಜಿ ಇರುತ್ತಿದ್ದವು. ಬೆಳಿಗ್ಗೆ ಒಮ್ಮೆ ಚೆನ್ನಾಗಿ ಕುದಿಸುತ್ತಿದ್ದರು. ಪಾಳಿ ಉದ್ದವಾದಂತೆ ಕುದಿಸುವುದು ಅದ್ದುವುದಾಗುತ್ತಿತ್ತು, ಅದ್ದುವುದು ಸ್ಪಿರಿಟ್ ಹತ್ತಿಯಲ್ಲಿ ಒರೆಸುವುದಾಗುತ್ತಿತ್ತು. ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆದದ್ದನ್ನೂ ನೋಡಿದ್ದೇನೆ. ಇದು ನಮ್ಮ ಊರಿನ ವಿಶೇಷವೇನಲ್ಲ. 2004ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದು ದೇಶದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಸೂಜಿಗಳು ಬೀಳುತ್ತವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುರಕ್ಷಿತವಲ್ಲ ಎಂದು ಲೆಕ್ಕ ಹಾಕಿತು. 2009ರಲ್ಲಿ ಗುಜರಾತಿನ ಮೊಡಾಸದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿ ಹೆಪಟೈಟಿಸ್-ಬಿ ಹಬ್ಬಿತು, ಹಲವರು ಸತ್ತರು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮವ್‌ನಲ್ಲಿ ಸೂಜಿ ಮಾಡುತ್ತ ತಿರುಗುತ್ತಿದ್ದವನೊಬ್ಬನಿಂದ ಎಚ್‌ಐವಿ ಹರಡಿತೆಂಬ ಆರೋಪ ಬಂತು.

ಈ ಮರ್ಯಾದೆ ಎಲ್ಲಿಂದ ಬಂತು? ನನ್ನ ಊಹೆ ಪ್ಲೇಗಿನ ಕಾಲಕ್ಕೆ ಹೋಗುತ್ತದೆ. ಹಾಫ್ಕಿನ್ 1897ರಲ್ಲಿ ಮುಂಬೈಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿದ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ಅದನ್ನು ಚುಚ್ಚಿಸಿಕೊಂಡರು. ದೇಶದಲ್ಲೇ ದೊಡ್ಡ ಮಟ್ಟದಲ್ಲಿ ಆ ಲಸಿಕೆಯ ಪರೀಕ್ಷೆ ನಡೆದ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. ಆಮೇಲೆ ಪೆನಿಸಿಲಿನ್ ಬಂತು, ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಬಂತು. ಸಾಯುತ್ತಾನೆ ಎಂದವನು ಎದ್ದು ಕೂತದ್ದನ್ನು ಜನ ಕಣ್ಣಾರೆ ಕಂಡರು. ಗುಳಿಗೆ ಅಂಥ ಪವಾಡ ಮಾಡಿರಲಿಲ್ಲ. ಸೂಜಿಯನ್ನು ನಂಬಿದವರು ಮೂರ್ಖರಲ್ಲ, ಅನುಭವದಿಂದಲೇ ನಂಬಿದ್ದರು.

ಅದೇ 1898ರಲ್ಲಿ, ಹುಬ್ಬಳ್ಳಿಯ ಜನ ತೋಳು ಚಾಚುತ್ತಿದ್ದಾಗ, ಜರ್ಮನಿಯ ಬಾಯರ್ ಕಂಪನಿ ಕೆಮ್ಮಿಗೆಂದು ಒಂದು ಹೊಸ ಔಷಧಿಯನ್ನು ಪೇಟೆಗೆ ಬಿಟ್ಟಿತು. ಅದರ ಹೆಸರು ಹೆರಾಯಿನ್.

ಇದರ ಮೂಲಪುರುಷ ನಮ್ಮ ಅಡುಗೆಮನೆಗೆ ಅಪರಿಚಿತನಲ್ಲ. ಪಾಯಸಕ್ಕೆ ಹಾಕುವ ಗಸಗಸೆಯ ಗಿಡವೇ ಅದು. ಅದರ ಹಸಿ ಕಾಯಿಯನ್ನು ಗೀರಿದರೆ ಒಸರುವ ಹಾಲು ಗಟ್ಟಿಯಾದಾಗ ಅಫೀಮು, ನಮ್ಮ ಕಡೆಯವರ ಬಾಯಲ್ಲಿ ಅಫೂ. ಮಗ್ಗಕ್ಕೆ ಕೂರುವ ಮುಂಚೆ ಕೂಸು ಅಳದಿರಲೆಂದು ಸಾಸಿವೆಕಾಳಿನಷ್ಟು ಅಫೂ ನೆಕ್ಕಿಸುತ್ತಿದ್ದುದನ್ನು ನನ್ನ ಅಜ್ಜಿ ಯಾವ ಅಳುಕೂ ಇಲ್ಲದೆ ಹೇಳುತ್ತಿದ್ದಳು. ಮುಂಬೈ ಗಿರಣಿಗಳ ಹೆಂಗಸರೂ ಹಾಗೇ ಮಾಡುತ್ತಿದ್ದರು. ಬ್ರಿಟಿಷ್ ಸರಕಾರ 1893ರಲ್ಲಿ ಅಫೀಮಿನ ಬಗ್ಗೆ ಒಂದು ರಾಯಲ್ ಕಮಿಷನ್ ನೇಮಿಸಿತು. ಎರಡು ವರ್ಷ ವಿಚಾರಣೆ ನಡೆಸಿದ ಅದು ಹಿಂದೂಸ್ತಾನದವರು ಅಫೀಮು ತಿನ್ನುವುದರಿಂದ ಹೇಳಿಕೊಳ್ಳುವಂಥ ಕೇಡಿಲ್ಲ ಎಂದಿತು. ಬೊಕ್ಕಸಕ್ಕೆ ಅಫೀಮಿನ ಹಣ ಬರುತ್ತಿದ್ದಾಗ ಬೇರೆ ಉತ್ತರ ಬರುವುದು ಕಷ್ಟವಿತ್ತು. ಆದರೂ ಆ ವರದಿಯಲ್ಲಿ ಒಂದು ಅರ್ಧಸತ್ಯವಿದೆ. ಅಫೀಮನ್ನು ತಿಂದರೆ ಅದು ಹೊಟ್ಟೆಯಲ್ಲಿ ನಿಧಾನ ಕರಗಿ, ಯಕೃತ್ತಿನ ಮೂಲಕ ಹಾದು, ಬಹುಪಾಲು ಅಲ್ಲೇ ಬಲ ಕಳೆದುಕೊಂಡು ಮೆದುಳಿಗೆ ತಲುಪುತ್ತದೆ. ಚಟ ಹತ್ತುತ್ತದೆ, ಮಲಬದ್ಧತೆ ಪ್ರಾಣ ಹಿಂಡುತ್ತದೆ, ಅಳತೆ ತಪ್ಪಿದರೆ ಕೂಸು ಮತ್ತೆ ಏಳುವುದೇ ಇಲ್ಲ. ಆದರೆ ದೇಹದ ಬಾಗಿಲುಗಳು ಮುಚ್ಚಿಯೇ ಇರುತ್ತವೆ. ಸೂಜಿ ಆ ಬಾಗಿಲುಗಳನ್ನು ಕೇಳದೆ ಒಳಗೆ ಹೋಗುವ ಉಪಾಯ.

ಆ ಉಪಾಯ 1853ರದು. ಎಡಿನ್‌ಬರೋದ ವೈದ್ಯ ಅಲೆಕ್ಸಾಂಡರ್ ವುಡ್ ನರಶೂಲೆಯಿಂದ ನಿದ್ದೆಗೆಟ್ಟಿದ್ದ ವೃದ್ಧೆಯೊಬ್ಬಳ ಭುಜಕ್ಕೆ ಶೆರ್ರಿ ಮದ್ಯದಲ್ಲಿ ಕರಗಿಸಿದ ಮಾರ್ಫಿನ್ ಅನ್ನು ಟೊಳ್ಳು ಸೂಜಿಯಿಂದ ಚುಚ್ಚಿದ. ಅದೇ ವರ್ಷ ಫ್ರಾನ್ಸಿನ ಪ್ರವಾಜ್ ತನ್ನದೇ ಸಿರಿಂಜು ಮಾಡಿದ್ದ. ಔಷಧಿ ನೋವಿದ್ದ ಜಾಗದಲ್ಲೇ ಕೆಲಸ ಮಾಡುತ್ತದೆ ಎಂದು ವುಡ್ ನಂಬಿದ್ದ. ಎಲ್ಲಿ ಚುಚ್ಚಿದರೂ ಅದು ರಕ್ತದ ಮೂಲಕ ಇಡೀ ಮೈಯನ್ನು ಸೇರುತ್ತದೆಂದು ಕೆಲವೇ ವರ್ಷಗಳಲ್ಲಿ ಲಂಡನ್ನಿನ ಚಾರ್ಲ್ಸ್ ಹಂಟರ್ ತೋರಿಸಿದ. ಮಾರ್ಫಿನ್ ಹೊಟ್ಟೆಗೆ ಹೋಗದಿದ್ದರೆ ಅದರ ‘ಹಸಿವು’ ಹುಟ್ಟದು, ಆದ್ದರಿಂದ ಸೂಜಿಗೆ ಚಟವಿಲ್ಲ ಎಂಬ ನಂಬಿಕೆಯೂ ಆಗ ವೈದ್ಯರಲ್ಲಿತ್ತು. ವುಡ್‌ನ ಹೆಂಡತಿಯೇ ಮಾರ್ಫಿನ್ ಸೂಜಿಗೆ ಬಲಿಯಾದ ಮೊದಲಿಗಳು ಎಂಬ ಕಥೆ ಇವತ್ತಿಗೂ ಪುಸ್ತಕದಿಂದ ಪುಸ್ತಕಕ್ಕೆ ಓಡಾಡುತ್ತದೆ. ಅದು ಸುಳ್ಳು, ಆಕೆ ಗಂಡನಿಗಿಂತ ಹೆಚ್ಚು ಕಾಲ ಬದುಕಿದ್ದಳು. ಸತ್ತವರ ಕಾಯಿಲೆಯ ಬಗ್ಗೆ ಸುಳ್ಳು ಹೇಳುವುದರಲ್ಲಿ ನಮ್ಮ ಓಣಿಯವರಷ್ಟೇ ಪರಿಣತರು ಇತಿಹಾಸಕಾರರಲ್ಲೂ ಇದ್ದಾರೆ.

ಹೆರಾಯಿನ್ ಅನ್ನು ಮೊದಲು ತಯಾರಿಸಿದ್ದು 1874ರಲ್ಲಿ, ಲಂಡನ್ನಿನ ಆಲ್ಡರ್ ರೈಟ್. ಮಾರ್ಫಿನ್‌ಗೆ ಎರಡು ಅಸಿಟೈಲ್ ಗುಂಪು ಜೋಡಿಸಿದ್ದಷ್ಟೇ. ಬಾಯರ್‌ನಲ್ಲಿ ಅದನ್ನು 1897ರಲ್ಲಿ ಮತ್ತೆ ತಯಾರಿಸಿದ ಫೆಲಿಕ್ಸ್ ಹಾಫ್‌ಮನ್, ಅದೇ ಆಗಸ್ಟಿನಲ್ಲಿ ಆಸ್ಪಿರಿನ್ ತಯಾರಿಸಿದವನೂ ಹೌದು. ಆ ಎರಡು ಗುಂಪುಗಳು ಹೆರಾಯಿನ್ನಿಗೆ ಮೆದುಳಿನ ಕೊಬ್ಬಿನ ಗೋಡೆ ದಾಟುವ ರಹದಾರಿ ಕೊಡುತ್ತವೆ. ದಾಟಿದ ಮೇಲೆ ಅದು ಮತ್ತೆ ಮಾರ್ಫಿನ್ನೇ. ರಕ್ತನಾಳಕ್ಕೆ ಚುಚ್ಚಿದಾಗ ಕೆಲವೇ ಸೆಕೆಂಡುಗಳಲ್ಲಿ ಏಳುವ ಆ ಅಲೆಗಾಗಿ ಮನುಷ್ಯ ಉಳಿದೆಲ್ಲವನ್ನೂ ಬಿಡುತ್ತಾನೆ.

ಮುಂಬೈಗೆ ಅದು ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ, ಇರಾನಿನ ಕ್ರಾಂತಿ, ಅಫ್ಘಾನಿಸ್ತಾನದ ಯುದ್ಧಗಳ ನಂತರ, ಪಾಕಿಸ್ತಾನದ ದಾರಿಯಿಂದ. ಅಲ್ಲಿಯ ಬೀದಿಯ ಹೆಸರು ಗರ್ದ, ಅಂದರೆ ಧೂಳು. ಅದಕ್ಕೆ ಬಿದ್ದವನು ಗರ್ದುಲ್ಲಾ. ಕಂದು ಬಣ್ಣದ ಅರೆಶುದ್ಧ ಪುಡಿ. ಕಾಗದದಷ್ಟು ತೆಳುವಾದ ಬೆಳ್ಳಿಹಾಳೆಯ ಮೇಲೆ ಕಾಯಿಸಿ ಹೊಗೆ ಎಳೆಯುವುದೇ ರೂಢಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಗಿತ್ತು. ಲಕ್ಷಾಂತರ ಜನ ಕೆಲಸವಿಲ್ಲದೆ ಕೂತಿದ್ದ ನಗರ ಅದು. ಅಣ್ಣ ಹೋಗಿ ಇಳಿದದ್ದು ಅಂಥ ಹೊತ್ತಿನಲ್ಲಿ. 1985ರಲ್ಲಿ ಮಾದಕ ವಸ್ತುಗಳ ಹೊಸ ಕಾಯ್ದೆ ಬಂತು, ಪೊಲೀಸರ ಬಿಗಿ ಹೆಚ್ಚಿತು. ಬಿಗಿಯಾದಾಗ ಪುಡಿಯ ಬೆಲೆ ಏರುತ್ತದೆ. ಬೆಲೆ ಏರಿದಾಗ, ಹೊಗೆಯಾಗಿ ಗಾಳಿಗೆ ಹೋಗುವುದನ್ನು ಉಳಿಸಲು ಜನ ಸೂಜಿ ಹಿಡಿಯುತ್ತಾರೆ. ಅದೂ ಸಿಗದಿದ್ದಾಗ ಔಷಧಿ ಅಂಗಡಿಯ ನೋವಿನ ಮದ್ದು, ಬುಪ್ರೆನಾರ್ಫಿನ್, ಪೆಂಟಾಜೋಸಿನ್. ತೊಂಬತ್ತರ ಹೊತ್ತಿಗೆ ದೇಶದ ಬಹಳಷ್ಟು ನಗರಗಳಲ್ಲಿ ಇದೇ ನಡೆಯಿತು. ಅಣ್ಣ ಯಾವ ಹಂತದಲ್ಲಿ ಹೊಗೆಯಿಂದ ಸೂಜಿಗೆ ದಾಟಿದನೋ, ಚೀಟಿಯಲ್ಲಿ ‘ನಾಲ್ಕು ವರ್ಷದಿಂದ’ ಎಂದಿದೆ. ಸೂಜಿ ಅವನಿಗೆ ಹೊಸದೂ ಅಲ್ಲ, ಭಯದ ವಸ್ತುವೂ ಅಲ್ಲ. ಬನಹಟ್ಟಿಯವನಿಗೆ ಸೂಜಿ ಎಂದರೆ ಆರಾಮವಾಗುವ ದಾರಿಯೇ ಆಗಿತ್ತು.

ಈಗ ಚೀಟಿ.

ಮೊದಲ ಸಾಲು ಬಲಗೈ. ಮುಂಗೈ, ಬೆರಳು ಊದಿ, ಒತ್ತಿದರೂ ಕುಳಿ ಬೀಳದಷ್ಟು ಬಿರುಸಾಗಿವೆ; ಮೊಣಕೈ ಒಳಮಡಿಕೆಯಲ್ಲಿ ಕೀವಿನ ಬಾವು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿದಾಗ ರಕ್ತನಾಳದ ಒಳಗೋಡೆ ಗಾಯವಾಗಿ, ರಕ್ತ ಹೆಪ್ಪುಗಟ್ಟಿ, ನಾಳ ಹಗ್ಗದಂತೆ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಅದರ ಜೊತೆ ಮೈಯ ನೀರನ್ನು ಹಿಂದಕ್ಕೊಯ್ಯುವ ದುಗ್ಧನಾಳಗಳೂ ಹಾಳಾಗುತ್ತವೆ. ಆ ಊತ ಚಟ ಬಿಟ್ಟ ಮೇಲೂ ಇಳಿಯುವುದಿಲ್ಲ. ಮೊಣಕೈ ಮುಗಿದರೆ ಮುಂಗೈ, ಆಮೇಲೆ ಪಾದ, ಕೊನೆಗೆ ತೊಡೆಸಂದು. ಅಲ್ಲಿ ದೊಡ್ಡ ನಾಳದ ಪಕ್ಕದಲ್ಲೇ ಅಪಧಮನಿಯೂ ನರವೂ ಇವೆ. ತಪ್ಪಿ ಅಪಧಮನಿಗೆ ಚುಚ್ಚಿದರೆ ಬೆರಳುಗಳು ಕಪ್ಪಾಗಿ ಕೊಳೆಯುತ್ತವೆ. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಪುಪ್ಪುಸಕ್ಕೆ ಹೋದರೆ ಕ್ಷಣದಲ್ಲಿ ಸಾವು. ಹುಡುಗರ ಕೈಯಲ್ಲಿ ಗರ್ದದ ಜೊತೆ ಸೇರಿ ಬರುವುದೇನು ಎಂಬುದೂ ಗೊತ್ತಿರುವುದಿಲ್ಲ. ಕಂದು ಪುಡಿ ನೀರಿನಲ್ಲಿ ಕರಗದ್ದರಿಂದ ಅದಕ್ಕೆ ಹುಳಿ ಬೇಕಾಗುತ್ತದೆ. ಎಂಬತ್ತರ ದಶಕದಲ್ಲಿ ಯುರೋಪಿನ ಕಣ್ಣಿನ ವೈದ್ಯರು, ಹೀಗೆ ಚುಚ್ಚಿಕೊಂಡವರ ಕಣ್ಣೊಳಗೆ ಬೂಸ್ಟು ಬೆಳೆದು ದೃಷ್ಟಿ ಹೋಗುತ್ತಿದ್ದುದನ್ನು ಕಂಡು ಬೆರಗಾದರು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ನಿಂಬೆರಸ. ನಿಂಬೆಹಣ್ಣಿನ ಮೇಲಿನ ಕ್ಯಾಂಡಿಡಾ ಶಿಲೀಂಧ್ರ ಸೂಜಿಯೊಡನೆ ರಕ್ತಕ್ಕಿಳಿದು ಕಣ್ಣಿನ ಪರದೆಯ ಮೇಲೆ ನೆಲೆಸುತ್ತಿತ್ತು. ಗುಳಿಗೆ ಅರೆದು ಚುಚ್ಚಿಕೊಂಡವರದು ಇನ್ನೊಂದು ಪಾಡು. ಗುಳಿಗೆಗೆ ಆಕಾರ ಕೊಡುವ ಟಾಲ್ಕ್ ಎಂಬ ಕಲ್ಲುಪುಡಿ ಕರಗುವುದಿಲ್ಲ. ಅದು ಪುಪ್ಪುಸದ ಕೂದಲೆಳೆಯಂಥ ನಾಳಗಳಲ್ಲಿ ಸಿಕ್ಕಿಕೊಂಡು, ಸುತ್ತ ಗಂಟು ಕಟ್ಟಿ, ವರ್ಷಗಳ ಮೇಲೆ ಉಸಿರನ್ನೇ ಕಟ್ಟುತ್ತದೆ.

ಎರಡನೆಯ ಸಾಲಿನಲ್ಲಿ ಕಾಯಿಲೆಯ ಹೆಸರು: ಟ್ರೈಕಸ್ಪಿಡ್ ಕವಾಟದ ಎಂಡೋಕಾರ್ಡೈಟಿಸ್. ಇದನ್ನು ಅಕ್ಕನಿಗೆ ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಕೈಯ ಕೆಟ್ಟ ರಕ್ತವೆಲ್ಲ ಹೃದಯದ ಬಲಭಾಗಕ್ಕೆ ಬಂದು ಬೀಳುತ್ತದೆ. ಅಲ್ಲಿ ಅದು ದಾಟುವ ಮೊದಲ ಬಾಗಿಲೇ ಟ್ರೈಕಸ್ಪಿಡ್ ಕವಾಟ, ಮೂರು ತೆಳು ಪದರಗಳದು. ಚರ್ಮದ ಮೇಲೆ ನಮ್ಮೆಲ್ಲರಿಗೂ ಸ್ಟಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಚರ್ಮ ಗಟ್ಟಿ ಇರುವವರೆಗೂ ತೊಂದರೆಯಿಲ್ಲ. ತೊಳೆಯದ ಚರ್ಮ, ಬಳಸಿದ ಸೂಜಿ, ಕಲಬೆರಕೆಯ ಪುಡಿ ಸೇರಿದಾಗ ಅದು ನೇರ ಆ ಬಾಗಿಲಿಗೆ ಹೋಗಿ ಕೂರುತ್ತದೆ. ಪುಡಿಯ ಕಣಗಳು ವರ್ಷಗಟ್ಟಲೆ ಬಡಿದು ಕವಾಟ ಮೊದಲೇ ಒರಟಾಗಿರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಗೂಡು ಕಟ್ಟಿ ಪಾಚಿಯಂತೆ ತೂಗಾಡುತ್ತದೆ. ಹೃದಯ ಬಡಿದಾಗಲೆಲ್ಲ ಆ ಪಾಚಿಯ ಚೂರುಗಳು ಕಿತ್ತು ಪುಪ್ಪುಸಕ್ಕೆ ಹಾರಿ, ಹೋದಲ್ಲೆಲ್ಲ ಒಂದೊಂದು ಕೀವಿನ ಗುಳ್ಳೆ ಎಬ್ಬಿಸುತ್ತವೆ. ಚಳಿಜ್ವರ, ಎದೆಯ ಚುಚ್ಚುನೋವು, ಕೆಮ್ಮಿದರೆ ರಕ್ತ. ನಾವು ನೋಡಿದ್ದು ಇದನ್ನೇ. ಕ್ಷಯ ಎಂದವರೂ ಇದ್ದರು, ಮಲೇರಿಯಾ ಎಂದವರೂ ಇದ್ದರು.

ಮಲೇರಿಯಾ ಎಂದವರು ಪೂರ್ತಿ ಹುಚ್ಚು ಮಾತಾಡಿರಲಿಲ್ಲ. 1929ರಲ್ಲಿ ಕೈರೋದಲ್ಲಿ, 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರು ಮಲೇರಿಯಾದಿಂದ ಸತ್ತರು. ನ್ಯೂಯಾರ್ಕಿನ ಆ ಚಳಿಯಲ್ಲಿ ಸೊಳ್ಳೆಯ ಕೆಲಸವನ್ನು ಸಿರಿಂಜು ಮಾಡಿತ್ತು. ಒಬ್ಬನ ರಕ್ತದ ಒಂದು ಹನಿ ಸಿರಿಂಜಿನ ಕುತ್ತಿಗೆಯಲ್ಲಿ ಉಳಿದರೆ ಸಾಕು. ಹೆಪಟೈಟಿಸ್-ಸಿ ವೈರಾಣು ಹೀಗೆ ಉಳಿದ ರಕ್ತದಲ್ಲಿ, ಪ್ರಯೋಗಾಲಯದ ಸಿರಿಂಜೊಂದರಲ್ಲಿ, 63 ದಿನಗಳವರೆಗೂ ಜೀವಂತವಾಗಿತ್ತು. ಅದು ಯಕೃತ್ತನ್ನು ಸದ್ದಿಲ್ಲದೆ ತಿನ್ನಲು ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಅಣ್ಣನಿಗೆ ಅಷ್ಟು ಸಮಯ ಇರಲಿಲ್ಲ.

ಮೂರನೆಯ ಸಾಲು ನನಗೆ ಹೆಚ್ಚು ಕಷ್ಟವಾಯಿತು. ಆರು ವಾರ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಬೇಕು. ರೋಗಿ ಹನ್ನೊಂದನೆಯ ದಿನ ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡಿಸಿಕೊಂಡು ಹೋದ. ಯಾಕೆ ಎಂದು ಬರೆದಿಲ್ಲ. ಅಕ್ಕ ಹೇಳಿದರು: ‘ರೊಕ್ಕಾ ಮುಗದಿದ್ದುವು. ಅಂವಗೂ ಅಲ್ಲಿ ಇರಾಕ ಆಗಲಿಲ್ಲ. ಮೈಯಾಗ ಇರಬಿ ಹರದಂಗ ಆಕ್ಕಾವು ಅಂತ ಒದ್ದಾಡತಿದ್ದ.’ ಇರುವೆ ಹರಿದಂತಾಗುವುದು ಹೆರಾಯಿನ್ ನಿಂತಾಗಿನ ಯಾತನೆ. ಮೂಗು, ಕಣ್ಣು ಸುರಿಯುತ್ತವೆ, ಹೊಟ್ಟೆ ನುಲಿಯುತ್ತದೆ, ಎಲುಬು ಒಡೆದಂತೆ ನೋಯುತ್ತದೆ, ನಿದ್ದೆ ಇಲ್ಲ. ವಾರದಲ್ಲಿ ಇಳಿಯುವ ಆ ಯಾತನೆಯಿಂದಲೇ ಸಾಯುವುದು ಅಪರೂಪ. ಆದರೆ ಅದನ್ನು ತಾಳಲಾರದೆ ಚಿಕಿತ್ಸೆ ಬಿಟ್ಟು ಓಡಿದವರು ಸಾಯುತ್ತಾರೆ. ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಗುಳಿಗೆ ಕೊಟ್ಟು ಅವರನ್ನು ಹಾಸಿಗೆಯಲ್ಲಿ ಉಳಿಸಿಕೊಳ್ಳಬಹುದು. ಅದು ಸರಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಭಾಗವಾದದ್ದು ಅಣ್ಣ ಸತ್ತು ಹತ್ತಾರು ವರ್ಷಗಳಾದ ಮೇಲೆ. ಮತ್ತೊಂದು ಅಪಾಯವನ್ನು ಹೆಚ್ಚಿನ ಮನೆಯವರು ತಿಳಿದಿರುವುದಿಲ್ಲ. ಆಸ್ಪತ್ರೆಯಲ್ಲೋ ಜೈಲಿನಲ್ಲೋ ಕೆಲವು ವಾರ ಬಿಟ್ಟವನ ದೇಹ ಹಳೆಯ ಅಳತೆಯನ್ನು ಮರೆತಿರುತ್ತದೆ. ಹೊರಗೆ ಬಂದು ಹಿಂದಿನಷ್ಟೇ ಚುಚ್ಚಿಕೊಂಡರೆ ಮೆದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರ ಮಲಗಿಬಿಡುತ್ತದೆ. ಕಣ್ಣಪಾಪೆ ಗುಂಡುಸೂಜಿಯ ತಲೆಯಷ್ಟಾಗುತ್ತದೆ, ತುಟಿ ನೀಲಿ, ಗೊರಕೆಯಂಥ ಸದ್ದು, ಆಮೇಲೆ ಸದ್ದಿಲ್ಲ. ಮನೆಯವರು ‘ಚಲೋ ನಿದ್ದಿ ಹತ್ತೇತಿ’ ಎಂದು ದೀಪ ಆರಿಸುತ್ತಾರೆ. ನಲಾಕ್ಸೋನ್ ಎಂಬ ಮದ್ದು ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ, ಕೈಗೆ ಸಿಕ್ಕರೆ.

ಊರಿಗೆ ಬಂದ ಮೇಲೆ ಅಣ್ಣನಿಗೆ ಜ್ವರಕ್ಕೆಂದು ಸೂಜಿ ಮಾಡಿಸಿದರು. ಬಲಗೈಯಲ್ಲಿ ನರ ಸಿಗಲಿಲ್ಲ, ಎಡಗೈಯಲ್ಲೂ ಸಿಗಲಿಲ್ಲ. (ನಮ್ಮ ಮಾತಿನಲ್ಲಿ ರಕ್ತನಾಳವೂ ನರವೇ.) ಸೂಜಿ ಮಾಡುವವರು ಸೊಂಟಕ್ಕೆ ಮಾಡಿ ಕಳಿಸಿದರು. ಆ ಪಾಳಿಯಲ್ಲಿ ಅವನ ಹಿಂದೆ ಯಾರಿದ್ದರು, ಅದೇ ಸಿರಿಂಜು ಯಾರ ಮೈಗೆ ಹೋಯಿತು, ಯಾರೂ ಕೇಳಲಿಲ್ಲ. ಅವನು ಕುಡಿದ ಲೋಟವನ್ನು ಬೇರೆ ಇಟ್ಟ ಓಣಿ ಅದು. ಲೋಟದಿಂದ ಏನೂ ಬರುವುದಿಲ್ಲ. ಸಿರಿಂಜಿನಿಂದ ಬರಬಹುದಿತ್ತು, ಆದರೆ ಅದರ ಮೇಲೆ ಯಾರಿಗೂ ಅನುಮಾನವಿರಲಿಲ್ಲ.

ನಾಲ್ಕನೆಯ ಸಾಲು ಎಚ್‌ಐವಿ. 1986ರಲ್ಲಿ ಚೆನ್ನೈನಲ್ಲಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳಿಂದ, ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ, ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದವು. ಆಮೇಲೆ ಈ ರೋಗ ಭಾರತದಲ್ಲಿ ಎರಡು ದಾರಿ ಹಿಡಿಯಿತು. ಮಣಿಪುರದಲ್ಲಿ ಅದು ಸೂಜಿಯ ದಾರಿ. ಬರ್ಮಾದ ಗಡಿಯಿಂದ ಬರುತ್ತಿದ್ದ, ಅಲ್ಲಿಯವರು ‘ನಂಬರ್ ಫೋರ್’ ಎನ್ನುವ ಬಿಳಿ ಹೆರಾಯಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಹುಡುಗರು ಒಂದೇ ಸಿರಿಂಜು ಹಂಚಿಕೊಂಡರು. 1989ರಲ್ಲಿ ಅವರಲ್ಲಿ ಇಲ್ಲವೆನಿಸಿದ್ದ ಎಚ್‌ಐವಿ 1990ರ ಹೊತ್ತಿಗೆ ಪರೀಕ್ಷೆ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿತ್ತು. ನಮ್ಮ ಜಿಲ್ಲೆಯಲ್ಲಿ ಅದು ಬಂದದ್ದು ಮುಖ್ಯವಾಗಿ ಗಂಡುಹೆಣ್ಣಿನ ಸಂಬಂಧದ ದಾರಿಯಿಂದ. ದೇವದಾಸಿ ಪದ್ಧತಿಯನ್ನು 1982ರಲ್ಲಿ ಕಾನೂನು ನಿಷೇಧಿಸಿದ್ದರೂ ಅದರ ಬಡತನ ಹಾಗೇ ಉಳಿದಿತ್ತು. ಮುಂಬೈ, ಸಾಂಗ್ಲಿ, ಪುಣೆಗಳಿಗೆ ದುಡಿಯಲು ಹೋಗಿಬರುವವರು ಮನೆಗೊಬ್ಬರಿದ್ದರು. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಹೊಲಗಳನ್ನು ನುಂಗಿ ಮತ್ತಷ್ಟು ಜನರನ್ನು ಊರು ಬಿಡಿಸಿತು. 2003ರಲ್ಲಿ ಭಾರತ-ಕೆನಡಾ ಸಹಯೋಗದ ಯೋಜನೆಯವರು ಬಾಗಲಕೋಟೆ ಜಿಲ್ಲೆಯಲ್ಲಿ ಮನೆಮನೆಯ ಸಮೀಕ್ಷೆ ಮಾಡಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಎಚ್‌ಐವಿ ಇತ್ತು. ಅದು ಹಳ್ಳಿಗಳನ್ನೂ ಬಿಟ್ಟಿರಲಿಲ್ಲ, ಊರಿಂದೂರಿಗೆ ವ್ಯತ್ಯಾಸ ಬಹಳವಿತ್ತು. ಪ್ರಪಂಚದ ವಿದ್ವತ್ ಪತ್ರಿಕೆಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಹೆಚ್ಚು ಸಲ ಬಂದದ್ದು ರನ್ನನಿಂದಲ್ಲ, ಮುಧೋಳದ ನಾಯಿಯಿಂದಲೂ ಅಲ್ಲ, ಇದರಿಂದ.

ಆ ಎಣಿಕೆ ಒಳ್ಳೆಯ ಕೆಲಸ ಮಾಡಿತು. ದಕ್ಷಿಣದಲ್ಲಿ ಹೊಸ ಸೋಂಕು ಇಳಿಯಿತು, 2004ರಿಂದ ಉಚಿತ ಔಷಧಿ ಸಿಗತೊಡಗಿತು, 2005ರಿಂದ ಸರಕಾರಿ ಲಸಿಕೆಗಳಿಗೆ ಒಂದೇ ಸಲ ಬಳಸಬಲ್ಲ ಸಿರಿಂಜು ಬಂತು. ಗಾಜಿನ ಸಿರಿಂಜು ನಮ್ಮ ಊರಿಂದ ಹೋಯಿತು. ಆದರೆ ಹೆರಾಯಿನ್ ಚುಚ್ಚಿಕೊಂಡು ನಮ್ಮ ಕಡೆ ಸತ್ತವರು ಯಾವ ಲೆಕ್ಕಕ್ಕೂ ಸೇರಲಿಲ್ಲ. ಅವರು ಬೇರೆ ಊರಿನಲ್ಲಿ ಚಟ ಹಿಡಿದು, ಮೂರನೆಯ ಊರಿನ ಆಸ್ಪತ್ರೆಗೆ ಹೋಗಿ, ಮನೆಗೆ ಬಂದು ಸತ್ತರು. ಅವರ ಮೇಲೆ ಮೊದಲೇ ಸಿದ್ಧವಿದ್ದ ಇನ್ನೊಂದು ರೋಗದ ಹೆಸರನ್ನು ಹೊದಿಸಲಾಯಿತು. 2019ರಲ್ಲಿ ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್‌ ಸಂಸ್ಥೆ ಮಾಡಿದ ಸಮೀಕ್ಷೆ ದೇಶದಲ್ಲಿ ಮಾದಕವನ್ನು ಸೂಜಿಯಿಂದ ತೆಗೆದುಕೊಳ್ಳುವವರು ಸುಮಾರು 8.5 ಲಕ್ಷ ಎಂದಿತು. ಅಂಥವರು ಹೆಚ್ಚಿರುವ ರಾಜ್ಯಗಳ ಪಟ್ಟಿಯಲ್ಲಿ ಪಂಜಾಬ್, ಮಣಿಪುರಗಳ ಜೊತೆ ಕರ್ನಾಟಕವೂ ಇದೆ. ನನ್ನ ತರಗತಿಯ ಹುಡುಗರಿಗೆ ಇದನ್ನು ಹೇಳಿದರೆ ‘ಅದೆಲ್ಲ ಬೆಂಗಳೂರಾಗ ಸರ್’ ಅನ್ನುತ್ತಾರೆ. ನಾವು ಮುಂಬೈ ಅನ್ನುತ್ತಿದ್ದೆವು.

ಅಕ್ಕ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದರು. ಅಲ್ಲಿ ಎಚ್‌ಐವಿ ಎಂಬ ಅಕ್ಷರಗಳ ಮುಂದೆ ಇನ್ನೊಂದು ಪದವಿತ್ತು, ‘ನೆಗೆಟಿವ್’. 1994ರಲ್ಲಿ ಅದನ್ನೂ ನಾನು ಓದಿದ್ದೆ. ನೆಗೆಟಿವ್ ಎಂದರೆ ಕೆಟ್ಟದ್ದು ಎಂದು ನನಗೆ ಗೊತ್ತಿತ್ತು. ಫಲಿತಾಂಶ ಕೆಟ್ಟದ್ದು ಬಂದಿದೆ ಎಂದುಕೊಂಡಿದ್ದೆ.

‘ನೆಗೆಟಿವ್ ಅಂದ್ರ ಇಲ್ಲ ಅಂತ’ ಅಂದೆ.

‘ಏನಿಲ್ಲ?’

‘ಆ ರೋಗ ಇರಲಿಲ್ಲ ಅಕ್ಕಾ.’

ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಪಕ್ಕದ ಮನೆಯ ಪವರ್‌ಲೂಮು ಒಂದೇ ಸಮನೆ ಬಡಿಯುತ್ತಿತ್ತು. ಆಮೇಲೆ ಒಳಗೆ ಹೋಗಿ ಒಂದು ನೋಟ್‌ಬುಕ್ಕು, ಪೆನ್ನು ತಂದರು. ‘ಕನ್ನಡದಾಗ ಬರಿ’ ಅಂದರು. ನಾಲ್ಕು ಸಾಲನ್ನೂ ಕನ್ನಡದಲ್ಲಿ ಬರೆದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಕೊನೆಯ ಸಾಲನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಯಲು ಹೇಳಿದರು. ಅದನ್ನೂ ಬರೆದುಕೊಟ್ಟೆ. ಎರಡನ್ನೂ ಚೀಲದಲ್ಲಿ ಇಟ್ಟುಕೊಂಡರು. ಈ ಸಲ ಚೀಲವನ್ನು ಟ್ರಂಕಿಗೆ ಹಾಕಲಿಲ್ಲ, ಬಾಗಿಲ ಪಕ್ಕದ ಗೂಟಕ್ಕೆ ಸಿಕ್ಕಿಸಿದರು.